ಕಂಬಳಿ ಹಾಸಿದ ಬೋಣಿ

ಗ್ಯಾನಮ್ಮ ಕರಿ ಕಂಬಳಿಯನ್ನು ಪೆಟ್ಟಿಗೆಯಿಂದ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದಳೆಂದರೆ ಮನೆಯಲ್ಲಿ ಏನೋ ದೊಡ್ಡ ಕೆಲಸವಿದೆ ಎಂದೇ ಲೆಕ್ಕ. ಆ ಕಂಬಳಿ ಹೊದೆಯುವುದಕ್ಕಲ್ಲ, ಹಾಸಿಕೊಂಡು ಮಲಗುವುದಕ್ಕೂ ಅಲ್ಲ. ಮದುವೆಯಾಗಿ ಬಂದ ಸೊಸೆ ಮೊದಲ ಸಲ ಅಂಗಡಿಯ ಗಾದಿಯ ಮೇಲೆ ಕೂತು ಬೋಣಿ ಮಾಡುವ ದಿನ, ಅಂದರೆ ಅವತ್ತಿನ ಮೊದಲ ಸಾಮಾನನ್ನು ತನ್ನ ಕೈಯಾರೆ ಮಾರುವ ದಿನ ಮಾತ್ರ ಅದು ಹೊರಗೆ ಬರುತ್ತಿತ್ತು. ಸಂಜೆಗೆ ಮತ್ತೆ ಬೇವಿನ ಸೊಪ್ಪು ಇಟ್ಟು, ಮಡಚಿ, ಪೆಟ್ಟಿಗೆಯ ತಳಕ್ಕೆ.

ಹೋದ ವರ್ಷ ಮೊಮ್ಮಗ ಹುಲಿಗೇಶನ ಹೆಂಡತಿ ದೀಪಾ ಬಂದಾಗ ತೆಗೆದಿದ್ದರು. ಈ ಸಲ ಮನೆಗೆ ಹೊಸ ಸೊಸೆ ಬಂದಿರಲಿಲ್ಲ, ಹೊಸ ಅಂಗಡಿ ಬಂದಿತ್ತು. ಸಿಂಧನೂರಿನ ಕಬ್ಬಿಣದ ಅಂಗಡಿಯ ಜತೆಗೆ ಮಸ್ಕಿಯಲ್ಲಿ ಇನ್ನೊಂದು. ಬರುವ ಸಂತೆಯ ದಿನ ಅದರ ಬಾಗಿಲು ತೆರೆಯುವುದಿತ್ತು.

ಹುಲಿಗೇಶನ ತಂಗಿ ಅಂಜಲಿ ಮಾಳಿಗೆ ಹತ್ತಿ ಬಂದಳು. ಕೈಯೆಲ್ಲ ಗ್ರೀಸು. ಕಂಬಳಿಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು.

"ಅಜ್ಜಿ, ಇದನ್ನ ಯಾರ ಸಲುವಾಗಿ ಒಣಗಿಸಾಕತ್ತೀ?"

"ಮಸ್ಕಿ ಅಂಗಡಿ ಸಲುವಾಗಿ."

"ಅಂಗಡಿ ಬಂದು ಇದರ ಮ್ಯಾಲ ಕೂಡಂಗಿಲ್ಲಲ್ಲ. ಯಾರು ಕೂಡ್ತಾರ ಅಂತ ಕೇಳಿದೆ."

ಗ್ಯಾನಮ್ಮ ಕಂಬಳಿಯ ಅಂಚಿನಲ್ಲಿ ನುಸಿ ಹುಡುಕುವವಳಂತೆ ಬಗ್ಗಿದಳು. "ದೀಪಾ ಕೂಡ್ತಾಳ. ಆಕಿ ಬೋಣಿ ಮಾಡಿ ಎದ್ದ ಮ್ಯಾಲ ನೀ ಕೂಡು. ಆಮ್ಯಾಲ ಅಂಗಡಿ ನಿಂದಾ. ಯಾರು ಬ್ಯಾಡ ಅಂದಾರ?"

"ದೀಪಾ ವೈನಿ ಆ ಅಂಗಡ್ಯಾಗ ಇನ್ನೂ ಕಾಲಾ ಇಟ್ಟಿಲ್ಲ. ಜಾಗಾ ನೋಡಿದಾಕಿ ನಾ, ರ್‍ಯಾಕ್ ಹೊಡಿಸಿದಾಕಿ ನಾ, ಲಿಂಗಸುಗೂರಿಗೆ ಹೋಗಿ ಸಾಮಾನು ಆರಿಸಿಕೊಂಡು ಬಂದಾಕಿ ನಾ. ಬೋಣಿ ಮಾತ್ರ ಆಕೀದಾ?"

"ಆಕಿ ಸೊಸಿ, ನೀ ಮಗಳು."

"ಆದ್ರ?"

"ಮಗಳು ಬೋಣಿ ಮಾಡಿದ್ರ ಲಕ್ಷ್ಮಿ ಮಗಳ ಬೆನ್ನು ಹತ್ತಿ ಹೋಗ್ತಾಳಂತ. ನಮ್ಮತ್ತಿ ಹೇಳಿದ್ದು. ನಾ ಹುಟ್ಟಿಸಿದ ಮಾತಲ್ಲ."

ಅಂಜಲಿ ಕೈಯ ಗ್ರೀಸನ್ನು ಹಳೆಯ ಬಟ್ಟೆಗೆ ಒರೆಸಿಕೊಂಡಳು, ನಿಧಾನವಾಗಿ, ಒಂದೊಂದೇ ಬೆರಳು. "ಯಾರ ಕೈ ಬೋಣಿ ಮಾಡ್ತೋ ಗಾದಿ ಅವರದು. ಇದನ್ನ ಯಾರು ಹೇಳಿದ್ದು?"

ಗ್ಯಾನಮ್ಮ ಕಂಬಳಿಯನ್ನು ಕೊಡವಿ ಮಗ್ಗುಲು ತಿರುಗಿಸಿ ಹಾಕಿದಳು. ಅದನ್ನು ಹೇಳಿದವಳು ಅವಳೇ.

"ಹಂಗಾರ ಹಿಂಗ ಮಾಡೂಣು," ಅಂದಳು ಅಂಜಲಿ. "ಅವತ್ತು ನಾ ಬರ್ತೀನಿ. ಎಲ್ಲಾ ಹೊಂದಿಸಿ ಕೊಡ್ತೀನಿ. ವೈನಿ ಬೋಣಿ ಮಾಡ್ಲಿ. ಅಂಗಡಿನೂ ಆಕೀನಾ ನಡಸ್ಲಿ. ನಾ ಮುಂದಿನ ಬಸ್ಸಿಗೆ ಸಿಂಧನೂರಿಗೆ ಬಂದುಬಿಡ್ತೀನಿ. ಬ್ಯಾರೆಯವರ ಗಾದಿ ಮ್ಯಾಲ ನಾ ಕೂಡಾಂಗಿಲ್ಲ."

ಕೂಗಾಡಿದ್ದರೆ ಗ್ಯಾನಮ್ಮ ತಿರುಗಿ ಕೂಗಾಡುತ್ತಿದ್ದಳು. ಹುಡುಗಿ ಕೂಗಾಡಲಿಲ್ಲ. ಮೆಟ್ಟಿಲಿಳಿದು ಅಂಗಡಿಗೆ ಹೋದಳು. ಒಂದು ಗಳಿಗೆಯಲ್ಲಿ ಕೆಳಗಿನಿಂದ ಅವಳ ದನಿ ಕೇಳಿಸಿತು, ತುರ್ವಿಹಾಳದ ಯಾವನೋ ರೈತನಿಗೆ ಅವನ ಪೈಪಿಗೆ ಯಾವ ಕ್ಲಾಂಪು ಕೂಡುತ್ತದೆಂದು ಹೇಳುತ್ತಿದ್ದಳು. ಏನೂ ಆಗಿಲ್ಲವೆಂಬಂತೆ.

ಅದೇ ಗ್ಯಾನಮ್ಮನಿಗೆ ಹೆಚ್ಚು ನಾಟಿತು. ತಾನೂ ಹಾಗೆಯೇ ಇದ್ದವಳು. ನೆರಳಿಗೆ ಸರಿದು, ಕಂಬಳಿಯ ಎದುರಿಗೇ ಕೂತಳು.

ಆ ಕಂಬಳಿ ಅವಳ ಗಂಡ ದ್ಯಾವಪ್ಪನದು. ದ್ಯಾವಪ್ಪ ಸಾಲಗುಂದದವನು, ಕುರಿ ಕಾಯುವ ಮನೆತನ. ಕುರಿ ಹೊಡೆದುಕೊಂಡು ಮಸ್ಕಿ, ಲಿಂಗಸುಗೂರು ದಾಟಿ ಆಚೆಗೂ ಹೋಗುತ್ತಿದ್ದ. ಉಣ್ಣೆ ಕತ್ತರಿಸುವ ಕತ್ತರಿ, ಕುರಿ ಕೊರಳಿನ ಗಂಟೆ, ಇಂಥವನ್ನು ಮಸ್ಕಿಯ ಕುಲುಮೆಯಿಂದ ತನಗೆಂದು ತರುತ್ತಿದ್ದವನು ಜತೆಯ ಕುರಿಗಾರರಿಗೂ ತಂದುಕೊಡತೊಡಗಿದ. ಆಮೇಲೆ ದಾರಿಯ ಹಳ್ಳಿಗಳ ರೈತರು ಹೇಳಿ ಕಳಿಸತೊಡಗಿದರು. ದ್ಯಾವಪ್ಪಾ, ಬರೋ ಮುಂದ ನನಗೊಂದು ಕುಡಗೋಲು ತಾರಪ್ಪಾ. ನನಗೊಂದು ಎತ್ತಿನ ಸರಪಳಿ. ದ್ಯಾವಪ್ಪನಿಗೆ ಓದು ಬಾರದು, ಆದರೆ ಯಾವ ಊರಿನ ಯಾರಿಗೆ ಏನು ಬೇಕು ಎಂಬುದೊಂದನ್ನೂ ಮರೆಯುತ್ತಿರಲಿಲ್ಲ. ಎಲ್ಲವನ್ನೂ ಕಂಬಳಿಯಲ್ಲಿ ಗಂಟು ಕಟ್ಟಿ ಬೆನ್ನಿಗೆ ಹಾಕಿಕೊಂಡು ಬರುತ್ತಿದ್ದ.

ಅಷ್ಟರಲ್ಲಿ ಸಿಂಧನೂರಿನ ಸೀಮೆಗೆ ಕಾಲುವೆಯ ನೀರು ಬಂತು. ಕುರಿ ಬಾಯಿಡುತ್ತಿದ್ದ ಬಯಲೆಲ್ಲ ಭತ್ತದ ಗದ್ದೆಯಾಯಿತು. ಕೆಲವರು ಅತ್ತರು, ಕೆಲವರು ಕುರಿಗಳನ್ನು ಹೊಡೆದುಕೊಂಡು ದೂರ ಹೋದರು. ದ್ಯಾವಪ್ಪ ನೀರು ಹರಿಯುವುದನ್ನು ನಿಂತು ನೋಡಿದ. ಇಷ್ಟು ನೀರಿಗೆ ಇನ್ನು ಎಷ್ಟು ಸಲಿಕೆ ಬೇಕಾಗಬಹುದು ಅಂದುಕೊಂಡ. ಕುರಿ ಮಾರಿ ಕಬ್ಬಿಣ ಕೊಂಡ. ಅವನ ಕಾಕ ಊರ ಕಟ್ಟೆಯ ಮೇಲೆ ಎಲ್ಲರೆದುರಿಗೆ ಹಂಗಿಸಿದನಂತೆ: "ಏನಲೇ ದ್ಯಾವ್ಯಾ, ಕುರಿ ಮೇಯಿಸೋದು ಬಿಟ್ಟು ಕಬ್ಬಿಣ ಮೇಯಿಸಾಕ ಹೊಂಟಿಯಂತಲ್ಲ? ಎಂದು ಮರಿ ಹಾಕ್ತೈತಲೇ ನಿನ್ನ ಕಬ್ಬಿಣ?"

"ಹಾಕ್ತೈತಿ ಬಿಡು ಕಾಕಾ," ಅಂದಿದ್ದನಂತೆ ದ್ಯಾವಪ್ಪ. ಅಷ್ಟೇ.

ಆ ಹೊತ್ತಿನಲ್ಲೇ ಗ್ಯಾನಮ್ಮ ಅವನ ಕೈ ಹಿಡಿದು ಬಂದಳು. ಅರಿಸಿನದ ಬಣ್ಣ ಇನ್ನೂ ಕಾಲಿನಿಂದ ಹೋಗಿರಲಿಲ್ಲ. ಅತ್ತೆ ಯಂಕಮ್ಮ, ಹೊಸ ಸೊಸೆಯ ಕೈಯಲ್ಲೇ ಬೋಣಿಯಾಗಲಿ ಎಂದು ಅವಳನ್ನು ಮಸ್ಕಿಯ ಸಂತೆಗೆ ಕರೆದುಕೊಂಡು ಹೋದಳು. ಬೇವಿನ ಮರದ ಬುಡಕ್ಕೆ ಕಂಬಳಿ ಹಾಸಿ, ಕುಡಗೋಲು, ಕುರ್ಪಿ, ಸರಪಳಿ, ಬಾಗಿಲ ಚಿಲಕ ಎಲ್ಲ ಜೋಡಿಸಿ, ನಡುವೆ ಅವಳನ್ನು ಕೂರಿಸಿದರು. ತಲೆ ಮೇಲಿನ ಸೆರಗು ಮೂಗಿನ ತನಕ ಇತ್ತು.

ಬಂದವರು ಸಾಮಾನು ನೋಡಲಿಲ್ಲ, ಇವಳನ್ನು ನೋಡಿದರು. "ಕುರಿಯವರು ಕಬ್ಬಿಣ ಮಾರಾಕ ಕುಂತಾರ. ಇನ್ನ ಕಮ್ಮಾರರು ಹಾಲು ಮಾರಬೇಕೇನು?" ಅಂದು ನಕ್ಕು ಹೋದರು. ಬಿಸಿಲು ಏರಿತು. ದ್ಯಾವಪ್ಪ ದೂರ ಹೋಗಿ ಬೆನ್ನು ತಿರುಗಿಸಿ ನಿಂತ. ಯಂಕಮ್ಮ ಬಾಯಲ್ಲೇ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದಳು.

ಆಗ ಗ್ಯಾನಮ್ಮನ ಹೆತ್ತ ತಾಯಿ ಬಂದಳು. ಮಸ್ಕಿ ಬೆಟ್ಟದ ಆಚೆಯ ಹಳ್ಳಿಯಿಂದ ನಡೆದುಕೊಂಡು. ಮಗಳ ಮುಖ ನೋಡಲಿಲ್ಲ, ಹೆಂಗಿದೀಯೆಂದು ಕೇಳಲಿಲ್ಲ, ಬೀಗತಿಯನ್ನೂ ಮಾತಾಡಿಸಲಿಲ್ಲ. ಯಾರೋ ಗಿರಾಕಿಯ ಹಾಗೆ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡಿದಳು. ಕಳೆ ಕೀಳುವ ಒಂದು ಕುರ್ಪಿಯನ್ನು ಆರಿಸಿ ದರ ಕೇಳಿದಳು. ಸೆರಗಿನ ಗಂಟು ಬಿಚ್ಚಿ ದುಡ್ಡನ್ನು ಕಂಬಳಿಯ ಮೇಲೆ ಇಟ್ಟಳು. ಎದ್ದು ಹೋದಳು. ತವರಿನಲ್ಲಿ ಕಳೆ ಕೀಳಲು ಅಂಗೈಯಗಲ ಹೊಲವಿರಲಿಲ್ಲ. ಆ ಕುರ್ಪಿ ಕೊನೆಯವರೆಗೂ ಕುರಿಹಟ್ಟಿಯ ಹಿಕ್ಕೆ ಕೆರೆಯಲು ಉಳಿಯಿತು.

ಅವತ್ತು ಅವಳು ಹೋದ ಸ್ವಲ್ಪ ಹೊತ್ತಿಗೆ ಅದು ಹೇಗೋ ಜನ ಬರತೊಡಗಿದರು. ಹೊತ್ತು ಮುಳುಗುವಷ್ಟರಲ್ಲಿ ಕಂಬಳಿ ಬರಿದಾಗಿತ್ತು. ಈ ಸೊಸೆಯ ಕೈ ಚಲೋ ಎಂದು ಯಂಕಮ್ಮ ಊರಿಗೆಲ್ಲ ಹೇಳಿದಳು. ಅಂದಿನಿಂದ ಸೊಸೆಯ ಕೈಯೇ ಬೋಣಿ, ಮಗಳ ಕೈ ಬೇಡ ಎಂಬುದು ಆ ಮನೆಯ ಕಟ್ಟಳೆಯಾಯಿತು.

ಕಂಬಳಿಯಿಂದ ತಗಡಿನ ಡಬ್ಬಿ ಅಂಗಡಿ, ಡಬ್ಬಿ ಅಂಗಡಿಯಿಂದ ಸಿಂಧನೂರಿನ ದೊಡ್ಡ ರಸ್ತೆಯ ಪಕ್ಕದ ಕಲ್ಲಿನ ಅಂಗಡಿ. ಅಲ್ಲಿ ಮಗ ಆಂಜನೇಯನ ಹೆಂಡತಿ ಸುರೇಖಾ ಬೋಣಿಗೆ ಕೂತ ದಿನ ನೆನೆದರೆ ಗ್ಯಾನಮ್ಮನಿಗೆ ಈಗಲೂ ನಗು. ಕಾಲುವೆಯ ನೀರಿಗೆ ವಲಸೆ ಬಂದವರ ಕ್ಯಾಂಪಿನ ತೆಲುಗು ರೈತನೊಬ್ಬ ಗದ್ದೆಗೆ ನೀರು ಹಾಯಿಸುವ ರಬ್ಬರಿನ ಪೈಪು ಕೇಳಿದ. ಸುರೇಖಾ ಹೂವಿನ ವ್ಯಾಪಾರದ ಮನೆಯಿಂದ ಬಂದ ಹುಡುಗಿ. ಅಂಗಡಿಯಲ್ಲಿ ಅಳತೆಯ ಕೋಲು ಇರುವುದು ಗೊತ್ತಿಲ್ಲ. ಮಲ್ಲಿಗೆಯ ಮಾಲೆ ಅಳೆದ ಹಾಗೆ ಮೊಳ ಹಾಕಿ ಹಾಕಿ ಪೈಪು ಅಳೆದಳು. ಸಾಲದ್ದಕ್ಕೆ, ಹೂವಿಗೆ ಕೊಸರು ಬಿಡುವಂತೆ ಕೊನೆಗೊಂದು ಮೊಳ ಸೇರಿಸಿ ಕತ್ತರಿಸಿ ಕೊಟ್ಟಳು. ರೈತ ಪೈಪು ಹೆಗಲಿಗೆ ಹಾಕಿಕೊಂಡು, "ಮುಡಕೊಂಡು ಹೋಗಲೇನಮ್ಮಾ?" ಅಂದ. ಅಂಗಡಿಗೆ ಅಂಗಡಿಯೇ ನಕ್ಕಿತು. ಆದರೆ ದ್ಯಾವಪ್ಪ ನಗಲಿಲ್ಲ. "ಸೊಸಿ ಬೋಣಿಗೆ ಕೊಟ್ಟಾಳ. ಇನ್ನ ಮ್ಯಾಲ ನಮ್ಮಂಗಡ್ಯಾಗ ಪೈಪಿಗೆ ಒಂದು ಮೊಳ ಕೊಸರು," ಅಂದುಬಿಟ್ಟ. ಇವತ್ತಿಗೂ ಕೊಡುತ್ತಾರೆ. ವಳಕಮದಿನ್ನಿಯ ಗದ್ದೆಗಳಲ್ಲಿ ಯಾರದ್ದಾದರೂ ಪೈಪು ಬೇಕಾದ್ದಕ್ಕಿಂತ ಉದ್ದವಿದ್ದರೆ, ಅದು ದ್ಯಾವಪ್ಪನ ಅಂಗಡಿಯ ಪೈಪು ಎನ್ನುತ್ತಾರೆ.

ದೀಪಾಳ ಬೋಣಿಯದು ಇನ್ನೊಂದು ಕಥೆ. ಗಿರಾಕಿ ನಳ ಕೊಂಡು ಫೋನು ತೋರಿಸಿದ. ಗಲ್ಲಾದ ಪಕ್ಕದ ಡಬ್ಬಿ ದುಡ್ಡು ಬಂತೆಂದು ದೊಡ್ಡ ದನಿಯಲ್ಲಿ ಹೇಳಿತು. "ಡಬ್ಬಿ ಒದರಿದ್ರ ಬೋಣಿ ಆಗಂಗಿಲ್ಲ, ಕಂಬಳಿ ಮ್ಯಾಲ ರೊಕ್ಕ ಬೀಳಬೇಕು," ಎಂದು ಗ್ಯಾನಮ್ಮ ಹಟ ಹಿಡಿದಳು. ಗಿರಾಕಿಯ ಕಿಸೆಯಲ್ಲಿ ಒಂದು ನಾಣ್ಯವೂ ಇಲ್ಲ. ಕೊನೆಗೆ ಹುಲಿಗೇಶನೇ ಅವನ ಕೈಗೆ ನಾಣ್ಯ ಕೊಟ್ಟು, ಅದನ್ನೇ ಕಂಬಳಿಯ ಮೇಲೆ ಹಾಕಿಸಿದ.

ಹೀಗೆ ಒಬ್ಬೊಬ್ಬಳ ಕೈ ಒಂದೊಂದು ಕಾಲವನ್ನು ಅಂಗಡಿಗೆ ತಂದಿತ್ತು. ಇದನ್ನೆಲ್ಲ ನೆನೆದಾಗ ಗ್ಯಾನಮ್ಮನ ಎದೆ ಉಬ್ಬುತ್ತಿತ್ತು. ಇವತ್ತು ಮಾತ್ರ ಎಲ್ಲೋ ಒಂದು ಕಡೆ ಚುಚ್ಚಿದಂತಾಗುತ್ತಿತ್ತು.

ಸಂಜೆ ಊಟಕ್ಕೆ ಕೂತಾಗ ಮಾತು ಮತ್ತೆ ಬಂತು. ಆಂಜನೇಯನಿಗೆ ನಡು ನೋವು, ಗೋಡೆಗೆ ದಿಂಬಿಟ್ಟು ಒರಗಿದ್ದ. ಆ ನೋವು ಶುರುವಾದಾಗಿನಿಂದ ಸಿಂಧನೂರಿನ ಗಾದಿ ನೋಡಿಕೊಂಡವಳು ಅಂಜಲಿ. ಮಸ್ಕಿ ತಾಲೂಕಾಗಿದೆ, ಹೊಸ ಮನೆ ಏಳುತ್ತಿವೆ, ಅಲ್ಲಿನ ಜನ ಒಂದು ನಳಕ್ಕೂ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ, ನಾವೇ ಅಲ್ಲಿಗೆ ಹೋಗೋಣ ಎಂದು ಅವನ ತಲೆಗೆ ತುಂಬಿದವಳೂ ಅವಳೇ.

"ಯವ್ವಾ, ಕಾಲ ಬದಲಾಗೈತಿ," ಅಂದ ಆಂಜನೇಯ, ಅರ್ಧ ಧೈರ್ಯದಲ್ಲಿ.

"ಕಾಲ ಬದಲಾಗ್ಲಿ, ಕಂಬಳಿ ಅದಾ ಐತಲ್ಲ?"

ದೀಪಾ ರೊಟ್ಟಿ ಬಡಿಸುತ್ತ ಮೆಲ್ಲಗೆ ಹೇಳಿದಳು, "ಅಮ್ಮಾರ, ನಂದು ಒಂದು ಸಲ ಬೋಣಿ ಆಗೈತಲ್ರೀ. ಅಂಜಲಿ ಕೂಡ್ಲಿ ಬಿಡ್ರಿ. ಮಸ್ಕ್ಯಾಗ ನಾ ಏನ್ ಮಾಡ್ಲಿ? ನನಗ ಇನ್ನೂ ವಾಷರಿಗೂ ಬೇರಿಂಗಿಗೂ ಫರಕ್ ತಿಳಿಯಂಗಿಲ್ಲ."

"ತಿಳೀಲಿಲ್ಲಂದ್ರ ನಿಮ್ಮತ್ತಿ ಹಂಗ ಮೊಳ ಹಾಕಿ ಕೊಡು," ಅಂದ ಹುಲಿಗೇಶ. ಸುರೇಖಾ ಸೌಟು ಎತ್ತಿ ಅವನ ಕಡೆ ತೋರಿಸಿದಳು. ಎಲ್ಲರೂ ನಕ್ಕರು, ಅಂಜಲಿಯೂ ನಕ್ಕಳು. ಗ್ಯಾನಮ್ಮ ನಗಲಿಲ್ಲ.

"ದೀಪಾನ ಕೂಡ್ತಾಳ," ಅಂದು ಕೈ ತೊಳೆದಳು.

ಸಂತೆಯ ದಿನ ಬೆಳಿಗ್ಗೆ ಮನೆಮಂದಿಯೆಲ್ಲ ಒಂದು ಗಾಡಿ ಮಾಡಿಕೊಂಡು ಹೊರಟರು. ಗ್ಯಾನಮ್ಮ ಮುಂದಿನ ಸೀಟಿನಲ್ಲಿ, ತೊಡೆಯ ಮೇಲೆ ಕಂಬಳಿ. ಸಿಂಧನೂರು ಬಿಟ್ಟ ಮೇಲೆ ಬಹಳ ದೂರ ಎರಡೂ ಬದಿಗೆ ಭತ್ತ, ಅದರಾಚೆ ಹಸಿರು ತೆಳ್ಳಗಾಗುತ್ತ ಹೋಗಿ ಹತ್ತಿ, ತೊಗರಿ, ಬಯಲು. ದೂರದಲ್ಲಿ ಮಸ್ಕಿಯ ಬೆಟ್ಟ ಕಂಡಾಗ ಅವಳು ಯಾವಾಗಲೂ ಅದರಾಚೆಯ ತವರಿನ ದಿಕ್ಕಿಗೆ ಕೈ ಮುಗಿಯುತ್ತಿದ್ದಳು. ಇವತ್ತೂ ಮುಗಿದಳು.

ಅಂಜಲಿ ಮೊದಲ ಬಸ್ಸಿಗೇ ಬಂದು ಎಲ್ಲ ಸಿದ್ಧ ಮಾಡಿದ್ದಳು. ಬಾಗಿಲಿಗೆ ಮಾವಿನ ತೋರಣ, ಹೊಸ್ತಿಲಿಗೆ ಅರಿಸಿನ ಕುಂಕುಮ. ಗ್ಯಾನಮ್ಮ ಒಳಗೆ ಕಾಲಿಟ್ಟು ಸುತ್ತಲೂ ನೋಡಿದಳು. ಸಿಂಧನೂರಿನ ಅಂಗಡಿಯಲ್ಲಿ ಎಲ್ಲವೂ ಎತ್ತರಕ್ಕೆ, ಏಣಿ ಹಾಕಿ ತೆಗೆಯುವಷ್ಟು ಎತ್ತರಕ್ಕೆ ಇರುತ್ತಿತ್ತು. ಇಲ್ಲಿ ಕುಡಗೋಲು, ಕುರ್ಪಿ, ಚಿಲಕ, ಕೊಡಕ್ಕೆ ಕಟ್ಟುವ ಹಗ್ಗ ಎಲ್ಲವೂ ಬಾಗಿಲ ಬಳಿ, ಕೂಲಿಗೆ ಹೋಗುವ ಹೆಂಗಸು ಯಾರನ್ನೂ ಕೇಳದೆ ಬಗ್ಗಿ ಎತ್ತಿ ನೋಡುವಷ್ಟು ತಗ್ಗಿನಲ್ಲಿ. ದೊಡ್ಡ ಪೈಪು, ಮೋಟರಿನ ಸಾಮಾನು ಹಿಂದೆ. ದ್ಯಾವಪ್ಪ ಕಂಬಳಿಯ ಮೇಲೆ ಜೋಡಿಸುತ್ತಿದ್ದುದೂ ಹೀಗೆಯೇ. ಕೊಳ್ಳುವವರು ಕೂತು, ಮುಟ್ಟಿ, ಬೆರಳಿನಿಂದ ಮೊನೆ ನೋಡಬೇಕು ಅನ್ನುತ್ತಿದ್ದ. ಅವನನ್ನು ನೋಡದೆ ಬೆಳೆದ ಹುಡುಗಿಗೆ ಇದು ಹೇಗೆ ಬಂತೋ.

"ಚಂದ ಇಟ್ಟೀಯಬೇ," ಅಂದಳು.

"ವೈನಿಗೆ ಅನುಕೂಲ ಆಗ್ಲಿ ಅಂತ," ಅಂದಳು ಅಂಜಲಿ. ಅವಳ ಚೀಲ ಆಗಲೇ ಹೆಗಲಿನಲ್ಲಿತ್ತು.

ಪೂಜೆ ಮುಗಿಯಿತು. ಹುಲಿಗೇಶ ಕಂಬಳಿಯನ್ನು ಗಾದಿಗೆ ಹಾಸುತ್ತಿದ್ದಾಗ ಮೌಲಾಸಾಬ್ ಮೆಟ್ಟಿಲು ಹತ್ತಿ ಬಂದ. ಅಂಗಡಿಯ ಜಾಗ ಅವನದೇ. ಒಂದು ಕಾಲಕ್ಕೆ ಅಲ್ಲಿ ಅವನ ತಂದೆಯ ಕುಲುಮೆ ಇತ್ತು, ಈಗ ಪಕ್ಕದಲ್ಲಿ ಅವನ ಮಗ ಅಜೀಮನ ವೆಲ್ಡಿಂಗ್ ಅಂಗಡಿ. ಗ್ಯಾನಮ್ಮನಿಗಿಂತ ಸ್ವಲ್ಪ ಸಣ್ಣವನು, ಗಡ್ಡ ಪೂರ ಬಿಳಿ.

"ಯಾ ಅಲ್ಲಾ! ಗ್ಯಾನಮ್ಮಕ್ಕಾ, ದ್ಯಾವಣ್ಣನ ಕಂಬಳಿ ಇನ್ನೂ ಐತೇನ್ರೀ?"

"ನಮಗ ವಯಸ್ಸಾತು ಮೌಲಾ. ಇದಕ್ಕೇನೂ ಆಗಿಲ್ಲ."

ಅವನು ಕಂಬಳಿಯ ತುದಿಯನ್ನು ಬೆರಳಿನಲ್ಲಿ ಹೊಸಕಿ ನೋಡಿದ. "ಇದರ ಮ್ಯಾಲಿಂದ ನಿಮ್ಮವ್ವ ಎತ್ತಿಕೊಂಡಿದ್ದು ನಾ ಬಡದ ಕುರ್ಪಿ, ನೆನಪೈತಿಲ್ಲ? ನಮ್ಮ ಅಬ್ಬಾ ನನ್ನ ಕೈಗೆ ಸುತ್ತಿಗಿ ಕೊಟ್ಟು ಮಾಡಿಸಿದ ಮೊದಲನೇ ಮಾಲು ಅದು. ಸೊಟ್ಟ ಇತ್ತು."

"ಸೊಟ್ಟ ಇತ್ತು," ಗ್ಯಾನಮ್ಮ ನಕ್ಕಳು. "ಹಿಕ್ಕಿ ಕೆರಿಯಾಕ ಅಷ್ಟ ಸಾಕಾತು."

"ಹಿಕ್ಕಿ ಕೆರೆದದ್ದು ಆಮ್ಯಾಲಿನ ಮಾತು. ಅವತ್ತು ಅದನ್ನ ಏನು ಮಾಡಿದ್ಲು ಗೊತ್ತೇನು?"

"ಏನ್ ಮಾಡ್ತಾಳ? ಮನೀಗೆ ಹ್ವಾದ್ಲು."

"ಎಲ್ಲಿ ಮನಿ!" ಮೌಲಾಸಾಬ್ ಗಾದಿಯ ಅಂಚಿಗೆ ಕೂತ. "ಸೀದಾ ನಮ್ಮ ಕುಲುಮಿಗೆ ಬಂದ್ಲು. ಅಲ್ಲಿಂದ ಮೆಣಸಿನಕಾಯಿ ಸಾಲಿಗೆ, ಬಳೆಗಾರರ ಸಾಲಿಗೆ, ದನದ ಸಂತಿ ತನಾ. ಕುರ್ಪಿ ಹಿಂಗ ಎತ್ತಿ ಹಿಡಕೊಂಡು. 'ನೋಡ್ರಿ, ಇದು ನನ್ನ ಮಗಳ ಕೈಯಾಂದು. ನನ್ನ ಮಗಳು ಬೇವಿನಗಿಡದ ಬುಡಕ ಮಾರಾಕ ಕುಂತಾಳ, ಹೋಗಿ ತಗೋರಿ' ಅಂತ. ನಮ್ಮ ಅಬ್ಬಾ ಚಾಷ್ಟಿ ಮಾಡಿದ. 'ಯಾಕವ್ವಾ, ಹೊಲ ಎಷ್ಟೈತಿ ನಿಂದು, ಕುರ್ಪಿ ತಗೊಂಡೀ?' ಅಂದ. 'ಹೊಲ ಇಲ್ರೀ ಸಾಬ್ರ, ಮಗಳು ಅದಾಳ' ಅಂದ್ಲು. ನಾ ಇದಾ ಕಿವೀಲೆ ಕೇಳೀನಿ."

ಗ್ಯಾನಮ್ಮ ಗೋಡೆಗೆ ಒರಗಿ ನೆಲಕ್ಕೆ ಕೂತಳು. ಇಷ್ಟು ವರ್ಷ ಅವಳು ತಿಳಿದಿದ್ದು ಅವ್ವ ಬಂದಳು, ಕೊಂಡಳು, ಹೋದಳು ಎಂದಷ್ಟೇ. ಆಮೇಲೆ ಜನ ಬಂದದ್ದು ತನ್ನ ಕೈಯ ಗುಣದಿಂದ, ಸೊಸೆಯ ಕೈಯ ಗುಣದಿಂದ ಎಂದು ಅತ್ತೆ ಹೇಳಿದ್ದಳು, ತಾನೂ ನಂಬಿದ್ದಳು. ಆ ಜನರನ್ನು ಕಳಿಸಿದ್ದು ಅವ್ವ. ಬಿಸಿಲಿನಲ್ಲಿ, ಬರಿಗಾಲಿನಲ್ಲಿ, ಸಂತೆ ತುಂಬ ತಿರುಗಿ. ಅವಳು ಕೊಂಡದ್ದು ಯಂಕಮ್ಮನ ಸೊಸೆಯ ಕೈಯಿಂದಲ್ಲ, ತನ್ನ ಮಗಳ ಕೈಯಿಂದ.

ಹಿಂದಿನಿಂದ ಆಂಜನೇಯ ಕರೆದ. "ಯವ್ವಾ, ಹೊತ್ತಾತು. ದೀಪಾ ಕುಂತಾಳ. ಗಿರಾಕಿ ಬರೋ ಹೊತ್ತು."

ಗ್ಯಾನಮ್ಮ ಎದ್ದಳು. ಗಾದಿಯ ಕಡೆ ಹೋಗಲಿಲ್ಲ. ಗೋಡೆ ಹಿಡಿದು ಮೆಟ್ಟಿಲಿಳಿದು ರಸ್ತೆಗೆ ಹೋದಳು. ಬಿಸಿಲಿನಲ್ಲಿ ನಿಂತು ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದುಕೊಂಡಳು. ಹಿಂದೆ ಓಡಿಬಂದ ಹುಲಿಗೇಶನಿಗೆ, "ದೂರ ಸರಿಯಲೇ, ಗಿರಾಕಿಗೆ ಅಡ್ಡ ನಿಂದರಬ್ಯಾಡ," ಅಂದಳು. ಆಮೇಲೆ ಮತ್ತೆ ಮೆಟ್ಟಿಲು ಹತ್ತಿ ಹೊಸ್ತಿಲಲ್ಲಿ ನಿಂತು ದೊಡ್ಡ ದನಿಯಲ್ಲಿ ಕೇಳಿದಳು:

"ಅಂಗಡ್ಯಾಗ ಯಾರದೀರೀ? ಒಂದು ಕುರ್ಪಿ ಬೇಕಾಗಿತ್ತು."

ಯಾರಿಗೂ ತಿಳಿಯಲಿಲ್ಲ. ಗಾದಿಯ ಮೇಲಿದ್ದ ದೀಪಾ ಗಾಬರಿಯಿಂದ ಎದ್ದೇಬಿಟ್ಟಳು. "ಅಮ್ಮಾರ, ನೀವು..."

"ನಿನ್ನಲ್ಲವ್ವಾ ಕೇಳಿದ್ದು. ಈ ಅಂಗಡೀದು ಮಾಲಕಿ ಎಲ್ಲದಾಳ? ಚೀಲ ಹಾಕ್ಕೊಂಡು ಮೂಲ್ಯಾಗ ನಿಂತಾಳಲ್ಲ, ಆಕೀನಾ?"

ಅಂಜಲಿ ಅಜ್ಜಿಯನ್ನೇ ನೋಡಿದಳು. ಚೀಲ ಇಳಿಸಿ ಬಂದಳು. ಕಂಬಳಿಯ ಮುಂದೆ ಒಂದು ಗಳಿಗೆ ತಡೆದಳು.

ಆಂಜನೇಯ ಮೆಲ್ಲಗೆ, "ಯವ್ವಾ, ಲಕ್ಷ್ಮಿ ಬೆನ್ನು ಹತ್ತಿ ಹೋಗ್ತಾಳಂತ ನೀನಾ..." ಅಂದ.

"ಹೋಗ್ಲಿ. ನಾನೂ ಒಬ್ಬಾಕಿ ಮಗಳಾ ಅಲ್ಲೇನಪ್ಪಾ? ನಮ್ಮವ್ವನ ಮನಿಯಿಂದ ನನ್ನ ಬೆನ್ನು ಹತ್ತಿ ಬಂದ ಲಕ್ಷ್ಮಿ ಕೊಟ್ಟಿದ್ದನ್ನಾ ನೀವು ಇಲ್ಲೀತನಾ ಉಂಡಿದ್ದು." ಆಮೇಲೆ ಅಂಜಲಿಯ ಕಡೆ ತಿರುಗಿ, "ಕೂಡವ್ವಾ. ಬಿಸಲಾಗ ಬಂದೀನಿ. ಗಿರಾಕೀನ ನಿಂದರಿಸ್ತಾರೇನು?"

ಅಂಜಲಿ ಕೂತಳು. ಕರಿ ಕಂಬಳಿ ಅವಳ ಕೆಳಗೆ ಎಷ್ಟು ಅಗಲ ಕಂಡಿತೆಂದರೆ, ಗ್ಯಾನಮ್ಮನಿಗೆ ಬೇವಿನ ಮರದ ನೆರಳೇ ಬಿದ್ದಂತಾಯಿತು.

ಅವಳು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕೂತು ಕುರ್ಪಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಒಂದರ ಹಿಡಿ ಸಡಿಲ ಅಂದಳು. ಇನ್ನೊಂದರ ಮೊನೆ ಮೊಂಡ ಅಂದಳು. ಕೊನೆಗೆ ಒಂದನ್ನು ಹಿಡಿದು ದರ ಕೇಳಿದಳು. ಅಂಜಲಿ ಹೇಳಿದಳು.

"ಏನಬೇ, ಬಂಗಾರದ್ದೇನು? ಸಿಂಧನೂರಿನ್ಯಾಗ ದ್ಯಾವಪ್ಪನ ಅಂಗಡ್ಯಾಗ ಕಡಿಮಿಗೆ ಕೊಡ್ತಾರ."

"ಅಲ್ಲಿಗೆ ಬಸ್ ಚಾರ್ಜು ಯಾರು ಕೊಡ್ತಾರ್ರೀ ಯಜಮಾಂತಿ?" ಅಂಜಲಿಯ ದನಿ ಈಗ ಗಟ್ಟಿಯಾಗಿತ್ತು. "ಅವರೂ ಇದಾ ರೇಟಿಗೆ ಕೊಡ್ತಾರ. ಬೇಕಾದ್ರ ಅಲ್ಲಿನ ಮುದುಕೀನ ಕೇಳ್ರಿ. ಬಾಗಲದಾಗ ಕುಂತಿರ್ತಾಳ, ಒಂದು ರೂಪಾಯಿ ಬಿಡಂಗಿಲ್ಲ."

ಮೌಲಾಸಾಬ್ ತೊಡೆ ತಟ್ಟಿ ನಕ್ಕ. ದೀಪಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಸ್ವಲ್ಪ ಬಿಡಬೇ. ಬಡವರು."

"ಬೋಣಿ ಹೊತ್ತಿನ್ಯಾಗ ಚೌಕಾಸಿ ಮಾಡಬ್ಯಾಡ್ರಿ. ಹಿಡಿ ಸಡಿಲ ಆದ್ರ ತಗೊಂಡು ಬ‌ರ್ರಿ, ಬ್ಯಾರೆ ಹಾಕ್ಕೊಡ್ತೀನಿ. ರೇಟು ಅದಾ."

ಗ್ಯಾನಮ್ಮ ಕುರ್ಪಿಯನ್ನು ಕೆಳಗಿಟ್ಟು ಎದ್ದು ಹೊರಟಂತೆ ಮಾಡಿದಳು. ಅಂಜಲಿ ಕರೆಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಆಂಜನೇಯನಿಗೆ ಮಾತ್ರ ಬೆವರಿಳಿಯಿತು. ಎಲ್ಲಿ ಬೋಣಿಯೇ ಮುರಿದು ಹೋಗುತ್ತದೋ ಎಂದು. ಗ್ಯಾನಮ್ಮ ಹೊಸ್ತಿಲ ತನಕ ಹೋಗಿ ತಿರುಗಿದಳು. ಹುಡುಗಿ ಕದಲಲಿಲ್ಲ. ಸರಿ, ಇವಳು ಅಂಗಡಿ ನಡೆಸುತ್ತಾಳೆ ಅಂದುಕೊಂಡಳು.

ಸೆರಗಿನ ಗಂಟು ಬಿಚ್ಚಿ ಹೇಳಿದಷ್ಟೂ ದುಡ್ಡನ್ನು ಕಂಬಳಿಯ ಮೇಲೆ ಇಟ್ಟಳು. ಅಂಜಲಿ ಅದನ್ನು ಎರಡೂ ಕೈಯಿಂದ ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಬಗ್ಗಿ ಅಜ್ಜಿಯ ಕಾಲು ಮುಟ್ಟಲು ಹೊರಟಳು.

"ಏಯ್, ಗಿರಾಕಿ ಕಾಲಿಗೆ ಬೀಳ್ತಾರೇನು? ಗಾದಿ ಬಿಟ್ಟು ಏಳಬ್ಯಾಡ," ಅಂದಳು ಗ್ಯಾನಮ್ಮ. ಹೆಂಗಿದೀಯೆಂದು ಕೇಳಲಿಲ್ಲ, ತಲೆ ನೇವರಿಸಲಿಲ್ಲ. ಕುರ್ಪಿ ಹಿಡಿದು ಮೆಟ್ಟಿಲಿಳಿದಳು.

"ಯವ್ವಾ, ಎಲ್ಲಿಗೆ? ಬಿಸಲೈತಿ! ಗಾಡಿ ತರ್ತೀನಿ ತಡಿ!" ಆಂಜನೇಯ ಕೂಗಿದ.

ಮೌಲಾಸಾಬ್ ಅವನ ತೋಳು ಹಿಡಿದು ನಿಲ್ಲಿಸಿದ. "ಬಿಡಪ್ಪಾ. ಆಕೀಗೆ ಕೆಲಸ ಐತಿ."

ಸಂತೆ ತುಂಬಿತ್ತು. ಗ್ಯಾನಮ್ಮ ಮೊದಲು ಮೆಣಸಿನಕಾಯಿಯ ಸಾಲಿಗೆ ಹೋದಳು. ಕೆಂಪು ರಾಶಿಯ ಹಿಂದೆ ಕೂತಿದ್ದ ಹೆಂಗಸು ತಲೆ ಎತ್ತಿದಳು.

"ಏನ್ ಬೇಕಬೇ ಆಯೀ?"

"ಏನೂ ಬ್ಯಾಡವ್ವಾ. ಇದನ್ನ ನೋಡು." ಗ್ಯಾನಮ್ಮ ಕುರ್ಪಿಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಹೊಸ ಮೊನೆ ಮಿಂಚಿತು.

ಹೆಂಗಸು ಕೈಗೆ ತೆಗೆದುಕೊಂಡು ಹೆಬ್ಬೆರಳಿನಿಂದ ಮೊನೆ ಮುಟ್ಟಿ ನೋಡಿದಳು. "ಚಲೋ ಐತಿ. ಎಲ್ಲಿ ತಗೊಂಡಿ?"

"ಮೌಲಾಸಾಬನ ಹಳೇ ಕುಲುಮಿ ಇತ್ತಲ್ಲ, ಅಲ್ಲಿ ಹೊಸಾ ಅಂಗಡಿ ಆಗೈತಿ. ನನ್ನ ಮೊಮ್ಮಗಳ ಕೈಯಾಂದು. ಚೌಕಾಸಿ ಮಾಡಬ್ಯಾಡ, ಬಿಡಂಗಿಲ್ಲ ಆಕಿ," ಅಂದಳು ಗ್ಯಾನಮ್ಮ. ಕುರ್ಪಿಯನ್ನು ಮರಳಿ ಇಸಿದುಕೊಂಡು, ಎತ್ತಿ ಹಿಡಿದು, ಬಳೆಗಾರರ ಸಾಲಿನ ಕಡೆ ನಡೆದಳು.